ಎರಡನೇ ಮಹಡಿಯ ಮೋಟಾರ್ ಸೈಕಲ್

ಈ ಕಥೆ ಮೂರು ಬಾಯಿಗಳಿಂದ ದೊರೆತದ್ದು. ಮೊದಲನೆಯದು ಬೀದಿಯ ಮೂಲೆಯಲ್ಲಿ ಕ್ಷೌರದ ಅಂಗಡಿ ಇಟ್ಟಿರುವವರ ಬಾಯಿ. ಅದು ಕತ್ತರಿಯ ಜೊತೆಜೊತೆಗೇ ಆಡುವುದರಿಂದ ಅವರು ಹೇಳಿದ ಕಥೆಯ ಪಾಠ ತುಂಡುತುಂಡಾಗಿ ಸಿಕ್ಕಿದೆ. ಎರಡನೆಯದು ಕಟ್ಟಡದ ಕೆಳಗೆ, ಮೆಟ್ಟಿಲಿನ ಮಗ್ಗುಲಲ್ಲಿ ಬಟ್ಟೆ ಇಸ್ತ್ರಿ ಮಾಡುವ ಹೆಂಗಸಿನ ಬಾಯಿ. ಬೀದಿಗೆಲ್ಲ ಆಕೆ ಇಸ್ತ್ರಿ ಅಕ್ಕ. ಸುಕ್ಕು ತೆಗೆಯುವುದು ಆಕೆಯ ವೃತ್ತಿಯಾದರೂ ಮಾತಿನಲ್ಲಿ ಮಾತ್ರ ನೇರವಾಗಿದ್ದದ್ದನ್ನೂ ನಾಲ್ಕು ಮಡಿಕೆ ಮಾಡಿಯೇ ಕೈಗೆ ಕೊಡುತ್ತಾಳೆ. ಮೂರನೆಯದು ಕಥಾನಾಯಕರ ಹೆಂಡತಿಯ ಬಾಯಿ. ನಗು ತಡೆಯಲಾರದೆ ಆಕೆ ಪದೇಪದೇ ಎದ್ದು ನೀರು ಕುಡಿದು ಬರುತ್ತಿದ್ದುದರಿಂದ ಆ ಪಾಠ ಸಂಗ್ರಹವಾಗಲು ಬಹಳ ಹೊತ್ತು ಹಿಡಿಯಿತು. ಕಥಾನಾಯಕರನ್ನೇ ಕೇಳಬಹುದಿತ್ತಲ್ಲ ಎಂದು ಓದುಗರು ಅನ್ನಬಹುದು. ಕೇಳಿದ್ದಾಯಿತು. "ಅಯ್ಯೋ, ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಿ ಸಾರ್" ಎಂದು ಅವರು ಒಳಗೆ ಹೋದರು.

ಮೂರೂ ಪಾಠಗಳು ಒಪ್ಪುವ ಸಂಗತಿಯಿಂದ ಆರಂಭಿಸುವುದು ಕ್ರಮ. ಮೂವರೂ ಒಪ್ಪುವುದು ಏನೆಂದರೆ, ಆ ಮನುಷ್ಯ ಮೊದಲಿನಿಂದ ಕೊನೆಯವರೆಗೆ ಒಂದೇ ಒಂದು ಸುಳ್ಳನ್ನೂ ಹೇಳಲಿಲ್ಲ.

ಅವರು ತೂಕ ಮತ್ತು ಅಳತೆ ಕಚೇರಿಯಲ್ಲಿ ಸಹಾಯಕರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿಯ ಸತ್ಯಾಸತ್ಯ ನೋಡುವುದು, ಬಟ್ಟೆಯಂಗಡಿಯ ಮೀಟರ್ ಕೋಲನ್ನು ತಮ್ಮ ಕೋಲಿನ ಪಕ್ಕದಲ್ಲಿಟ್ಟು ಕಣ್ಣು ಕಿರಿದಾಗಿಸುವುದು, ಸರಿಯಿದ್ದರೆ ಮುದ್ರೆ ಒತ್ತುವುದು ಅವರ ಕಾಯಕ. ಕೋಲು ಕೂದಲೆಳೆಯಷ್ಟು ಗಿಡ್ಡವಾಗಿದ್ದರೂ ಅವರಿಗೆ ಆ ದಿನ ಊಟ ರುಚಿಸುತ್ತಿರಲಿಲ್ಲ. ಆದರೆ ಅಳೆಯುವ ಕೈಯೇ ಬೇರೆ, ಮಾಡುವ ಕೈಯೇ ಬೇರೆ ಎಂಬುದಕ್ಕೆ ಅವರ ಮನೆಯೇ ಸಾಕ್ಷಿ. ಅವರು ಮೊಳೆ ಹೊಡೆದರೆ ಮೊಳೆ ನಿಲ್ಲುತ್ತಿತ್ತು, ಗೋಡೆ ಬೀಳುತ್ತಿತ್ತು. ನಲ್ಲಿ ಬಿಗಿ ಮಾಡಿದರೆ ಕೆಳಮನೆಯವರು ಕೊಡೆ ಹಿಡಿಯಬೇಕಾಗುತ್ತಿತ್ತು. ಮದುವೆಯ ಹೊಸತರಲ್ಲಿ ಹೆಂಡತಿಯ ತವರಿಗೆ ಹೋಗಿದ್ದಾಗ ಮಾವ, "ಸೆಕೆ ಅಲ್ವಾ, ಆ ಕಿಟಕಿ ಸ್ವಲ್ಪ ತೆಗೀರಿ ಅಳಿಯಂದ್ರೇ" ಅಂದರಂತೆ. ಅಳಿಯಂದಿರು ತೆಗೆದರು. ಕಿಟಕಿ, ಚೌಕಟ್ಟಿನ ಸಮೇತ, ಅವರ ಕೈಗೇ ಬಂದಿತ್ತು. ಅಂದು ಮಾವ ಇಟ್ಟ ಹೆಸರು ಮುರುಕಪ್ಪ. ನಂಟರಿಷ್ಟರಿಗೆಲ್ಲ ಆ ಹೆಸರು ಹಬ್ಬಿ, ತಾಯಿತಂದೆ ಇಟ್ಟ ಹೆಸರು ಕಚೇರಿಯ ಹಾಜರಿಗೆ ಮಾತ್ರ ಉಳಿಯಿತು. ಪರಂಪರೆಗೆ ನಿಷ್ಠರಾಗಿ ನಾವೂ ಅದನ್ನೇ ಬಳಸೋಣ.

ಮಾವನವರು ಆಯುಷ್ಯವಿಡೀ ಮೋಟಾರ್ ಸೈಕಲ್ ರಿಪೇರಿಯ ಗ್ಯಾರೇಜು ನಡೆಸಿದವರು. ಮೊಣಕಾಲು ಕೈಕೊಟ್ಟಿತೆಂದು ಗ್ಯಾರೇಜು ಮುಚ್ಚಿದಾಗ ಅವರು ಮನೆಗೆ ಹೊತ್ತು ತಂದದ್ದು ಒಂದನ್ನೇ: ಹಸಿರು ಬಣ್ಣದ ಸಲಕರಣೆ ಪೆಟ್ಟಿಗೆ. ಅದರೊಳಗಿನ ನಟ್ಟು ತಿರುಗಿಸುವ ಪಾನಾಗಳು ಅವರ ಅಂಗೈಗೆ ತಕ್ಕಂತೆ ಸವೆದಿದ್ದವು. ಅವರಿಗೆ ಗಂಡುಮಕ್ಕಳಿಲ್ಲ, ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು. "ಏನೂ ಮುರೀದೆ, ತನ್ನ ಕೈಯಾರೆ ಒಂದು ಗಾಡಿ ಪೂರ್ತಿ ಜೋಡಿಸಿ ಯಾರು ತೋರಿಸ್ತಾರೋ, ಪೆಟ್ಟಿಗೆ ಅವರಿಗೆ" ಎಂದು ಅವರು ಮನೆಮಂದಿಯ ಮುಂದೆ ಸಾರಿದ್ದರು. ಸಾರುವಾಗ ದೊಡ್ಡಳಿಯನ ಕಡೆಗೇ ನೋಡಿದ್ದರು. ಚಿಕ್ಕಳಿಯನ ಕಡೆ ನೋಡಿದ್ದು ಆತ ಕುಳಿತ ಕುರ್ಚಿ ಇನ್ನೂ ಕುರ್ಚಿಯಾಗಿಯೇ ಇದೆಯೇ ಎಂದು ತಿಳಿಯಲು ಮಾತ್ರ.

ದೊಡ್ಡಳಿಯ, ಎಂದರೆ ಮುರುಕಪ್ಪನವರ ಷಡ್ಡಕ, ಕಾರು ಮಾರುವ ಅಂಗಡಿಯಲ್ಲಿ ಮ್ಯಾನೇಜರು. ಕಾರಿನ ಮೂತಿ ಯಾವ ಕಡೆಯಿಂದ ತೆರೆಯುತ್ತದೆಂದು ತಿಳಿಯದಿದ್ದರೂ ಮಾತು ಮಾತ್ರ ಎಣ್ಣೆ ಹಚ್ಚಿದ ಬೇರಿಂಗು. ಪೆಟ್ಟಿಗೆಯನ್ನು ಅಂಗಡಿಯ ಗಾಜಿನ ಕಪಾಟಿನಲ್ಲಿ ದೀಪ ಹಾಕಿ ಇಡುವುದೆಂದು ಆತ ಆಗಲೇ ಜಾಗ ಗೊತ್ತುಮಾಡಿದ್ದ.

"ನಮ್ಮೋರಿಗೆ ಪೆಟ್ಟಿಗೆ ಬೇಕಿರ್ಲಿಲ್ಲ," ಎಂದು ಮುರುಕಪ್ಪನವರ ಹೆಂಡತಿ ನನಗೆ ಹೇಳಿದರು. "ಆ ಹೆಸರು ಬೇಡವಾಗಿತ್ತು, ಅಷ್ಟೆ."

ಹೀಗಿರುವಾಗ ಒಂದು ಸಂಜೆ ಆಟಿಕೆಯಂಗಡಿಯ ಮುಂದೆ ಹಾದುಹೋಗುತ್ತಿದ್ದ ಮುರುಕಪ್ಪನವರು ಗಾಜಿನಾಚೆ ಒಂದು ಡಬ್ಬಿಯನ್ನು ಕಂಡು ನಿಂತರು. ಡಬ್ಬಿಯ ಮೇಲೆ ಕೆಂಪು ಮೋಟಾರ್ ಸೈಕಲ್ಲಿನ ಚಿತ್ರ. ಕೆಳಗೆ, "ಅಂಟು ಬೇಡ, ಸ್ಕ್ರೂ ಬೇಡ, ಸಲಕರಣೆ ಬೇಡ. ಒತ್ತಿದರೆ ಸಾಕು, ಕೂರುತ್ತದೆ." ಅಂಟು ಹಚ್ಚಿದರೆ ಬೆರಳಿಗೆ ಬೆರಳು ಅಂಟಿಕೊಳ್ಳುವ, ಸ್ಕ್ರೂ ತಿರುಗಿಸಿದರೆ ಸ್ಕ್ರೂ ಬಿಟ್ಟು ಉಳಿದದ್ದೆಲ್ಲ ತಿರುಗುವ ಮನುಷ್ಯನಿಗೆ ಇದು ಆಕಾಶವಾಣಿಯಂತೆ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಡಬ್ಬಿಯ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಇದು ನಿಜವಾದ ಗಾಡಿಯ ಹನ್ನೆರಡರಲ್ಲಿ ಒಂದರಷ್ಟು ಉದ್ದ ಎಂದೂ ಬರೆದಿತ್ತು. ಈ ಇರುವೆ ಸಾಲನ್ನು ಓದುಗರು ನೆನಪಿನಲ್ಲಿಡಬೇಕು. ಕಥೆಯೊಳಗಿನವರು ಯಾರೂ ಇಡಲಿಲ್ಲ.

ಮರುದಿನದಿಂದ ಅವರ ಮುಂದಿನ ಕೋಣೆ ಗ್ಯಾರೇಜಾಯಿತು. ನೆಲದ ಮೇಲೆ ಹಳೆಯ ದುಪ್ಪಟಿ ಹಾಸಿ, ಪ್ಲಾಸ್ಟಿಕ್ಕಿನ ಚೌಕಟ್ಟುಗಳಲ್ಲಿ ಕಾಯಿಗಳಂತೆ ತೂಗುತ್ತಿದ್ದ ಭಾಗಗಳನ್ನು ಒಂದೊಂದಾಗಿ ತಿರುಚಿ ಬಿಡಿಸಿ ಸಾಲಾಗಿ ಜೋಡಿಸಿದರು. ಅಕ್ಕಿಕಾಳಿನಷ್ಟು ಕನ್ನಡಿ, ಉಗುರಿನಷ್ಟು ಪೆಟ್ರೋಲ್ ಟ್ಯಾಂಕಿನ ಮುಚ್ಚಳ, ಬಳೆಯಂಥ ಎರಡು ರಬ್ಬರ್ ಟಯರು.

"ರೀ, ಊಟಕ್ಕೆ ಎಲ್ಲಿ ಕೂರೋದು?"

"ಅಡುಗೆಮನೇಲಿ ನಿಂತ್ಕೊಂಡು ಮಾಡೋಣ. ಇಲ್ಲಿ ಕಾಲಿಡ್ಬೇಡ, ಎಂಜಿನ್ ಇದೆ."

ಎಂಜಿನ್ನಿನ ಎರಡು ಹೋಳುಗಳನ್ನು ಎರಡು ಕೈಯಲ್ಲಿ ಹಿಡಿದು, ಉಸಿರು ಕಟ್ಟಿ, ಅವರು ಹೆಬ್ಬೆರಳಿನಿಂದ ಒತ್ತಿದರು. ಟಕ್!

"ಏನ್ ಮುರೀತು?" ಎಂದು ಹೆಂಡತಿ ಒಳಗಿನಿಂದ ಓಡಿ ಬಂದರು. ಇಷ್ಟು ವರ್ಷದ ಸಂಸಾರದಲ್ಲಿ ಆ ಸದ್ದಿಗೆ ಬೇರೆ ಅರ್ಥವಿದ್ದದ್ದು ಆಕೆಗೆ ಗೊತ್ತಿರಲಿಲ್ಲ.

"ಮುರೀಲಿಲ್ಲ ಕಣೇ!" ಮುರುಕಪ್ಪನವರ ಕಣ್ಣು ಒದ್ದೆಯಾಗಿತ್ತಂತೆ. "ಕೂತ್ಕೊಳ್ತು!"

ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಮುಗಿಯದಂತೆ ಮಾಡಿದ್ದು ಮಾರನೆಯ ದಿನ ಬಂದ ಒಂದು ಫೋನು. ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದ್ದರಿಂದ ಮುರುಕಪ್ಪನವರು ಬಾಲ್ಕನಿಯಲ್ಲಿ ನಿಂತು ಮಾತಾಡಿದರು. ಬಾಲ್ಕನಿಯ ನೇರ ಕೆಳಗೆ ಇಸ್ತ್ರಿ ಅಕ್ಕನ ಮೇಜು. ಆದ್ದರಿಂದ ಈ ಸಂಭಾಷಣೆಯ ಒಂದು ಪಕ್ಕ ಹೆಂಡತಿಯಿಂದಲೂ ಅಕ್ಕನಿಂದಲೂ ಸಿಕ್ಕಿದೆ. ಇನ್ನೊಂದು ಪಕ್ಕವನ್ನು ಷಡ್ಡಕನೇ ಆಮೇಲೆ ಎಲ್ಲರ ಮುಂದೆ ಆಡಿ ತೋರಿಸಿದ್ದರಿಂದ ಅದೂ ಭದ್ರವಾಗಿದೆ.

"ಏನಪ್ಪಾ ಮುರುಕಪ್ಪ, ಇವತ್ತು ಏನ್ ಮುರೀತಿದ್ದೀಯ?"

"ಮುರೀತಿಲ್ಲ ಭಾವ. ಕಟ್ತಿದ್ದೀನಿ."

"ಏನನ್ನ?"

"ಮೋಟಾರ್ ಸೈಕಲ್."

"ಎಲ್ಲಿ?"

"ಮನೇಲೇ. ಮುಂದಿನ ರೂಮಲ್ಲಿ."

"ಎಂಜಿನ್ನು?"

"ಅದು ನಿನ್ನೇನೇ ಆಯ್ತಲ್ಲ. ಈಗ ಸೈಲೆನ್ಸರ್ ಕೂರಿಸ್ತಿದ್ದೀನಿ."

"ವೆಲ್ಡಿಂಗು ಯಾರು ಮಾಡಿದ್ರು?"

"ವೆಲ್ಡಿಂಗ್ ಯಾಕೆ ಭಾವ? ಕೈಯಲ್ಲೇ ಒತ್ತಿದೆ. ಕೂತ್ಕೊಳ್ತು."

"ಕೈಯಲ್ಲಿ... ಎಂಜಿನ್ನ... ಒತ್ತಿದ್ಯಾ?"

"ಸ್ವಲ್ಪ ಬಲ ಹಾಕ್ಬೇಕು, ಅಷ್ಟೆ. ಹೆಬ್ಬೆರಳು ಸಾಕು."

ತೂಕ ಮತ್ತು ಅಳತೆ ಕಚೇರಿಯ ಯಾವ ಪರೀಕ್ಷೆಗೆ ಒಡ್ಡಿದರೂ ಈ ಉತ್ತರಗಳಲ್ಲಿ ಗುಲಗಂಜಿಯಷ್ಟು ಸುಳ್ಳು ಸಿಗುವುದಿಲ್ಲ. ಹೇಳದೆ ಉಳಿದದ್ದು ಆ ಇರುವೆ ಸಾಲೊಂದೇ. ದಿನವಿಡೀ ಪರರ ಕೋಲಿನ ಗಿಡ್ಡತನ ಹಿಡಿಯುವವರು ತಮ್ಮ ಗಾಡಿಯ ಗಿಡ್ಡತನ ಹೇಳುವುದನ್ನು ಮರೆತರು. ಮರೆತರೋ, ಬಿಟ್ಟರೋ ಎಂಬಲ್ಲಿ ಪಾಠಭೇದವಿದೆ. ಕ್ಷೌರಿಕರು ಮರೆತರೆನ್ನುತ್ತಾರೆ. ಹೆಂಡತಿ ಎದ್ದು ನೀರು ಕುಡಿಯಲು ಹೋದರು.

ಇಸ್ತ್ರಿ ಅಕ್ಕ ಆ ಹೊತ್ತಿಗೆ ಮಾಡುತ್ತಿದ್ದುದು ಮನೆ ಮಾಲೀಕರ ಬಿಳಿ ಅಂಗಿ. ಅಂಗಿ ಒಯ್ಯಲು ಬಂದ ಮಾಲೀಕರಿಗೆ ಆಕೆ ಅಂಗಿಯ ಜೊತೆ ಸುದ್ದಿಯನ್ನೂ ಬಿಸಿಬಿಸಿಯಾಗಿಯೇ ಕೊಟ್ಟಳು.

"ಮೇಲಿನ ಮನೆಯವ್ರು ಗಾಡಿ ಮಾಡ್ತಿದ್ದಾರಂತೆ ಸಾರ್. ಕಬ್ಬಿಣಾನ ಹೆಬ್ಬೆರಳಲ್ಲೇ ಅಮುಕ್ತಾರಂತೆ. ನೋಡೋಕೆ ಎಷ್ಟು ಸಣಕಲು, ನೋಡಿ!"

ಮಾಲೀಕರು ಮೊದಲ ಮಹಡಿಯಲ್ಲಿ, ಮುರುಕಪ್ಪನವರ ಸರಿಯಾಗಿ ಕೆಳಗೆ ವಾಸ. ಕಟ್ಟಡ ಕಟ್ಟಿಸಿದ ದಿನದಿಂದ ಅದು ಬೀಳುವುದನ್ನೇ ಕಾಯುತ್ತಿದ್ದವರು. ಅವರ ಸೊಂಟದಲ್ಲಿ ಕಟ್ಟಡದ ಅಷ್ಟೂ ಬೀಗಗಳ ಕೈ ಸೇರಿದ ಒಂದು ಭಾರೀ ಗೊಂಚಲು. ಅವರು ಬರುವುದು ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ. ಸುದ್ದಿ ಕೇಳಿ ಮನೆಗೆ ಹೋಗಿ ಮೇಲೆ ನೋಡಿದರು. ತಾರಸಿಯಲ್ಲಿ ಒಂದು ಬಿರುಕು. ಅದು ಮೊದಲಿನಿಂದಲೂ ಇತ್ತೆಂದು ಅವರ ಮನೆಯವರು ಹೇಳಿದರು. "ಇತ್ತು, ಆದ್ರೆ ಇಷ್ಟು ಗಾಬರಿಯಾಗಿ ಇರ್ಲಿಲ್ಲ" ಎಂದರಂತೆ ಮಾಲೀಕರು.

ಝಣ್ ಝಣ್ ಎಂದು ಮೆಟ್ಟಿಲು ಹತ್ತಿ ಬಾಗಿಲು ಬಡಿದಾಗ ಮುರುಕಪ್ಪನವರು ಅಂಗೈಯಗಲ ಮಾತ್ರ ತೆರೆದರು.

"ಒಳಗೆ ಬರ್ಬೇಡಿ ಸಾರ್, ಗಾಡಿ ಭಾಗಗಳು ಹರಡಿವೆ. ಕಾಲಿಟ್ರೆ ಹಾಳಾಗುತ್ತೆ."

"ಹಾಗಾದ್ರೆ ನಿಜ! ಏನ್ ಗಾಡಿ ಸ್ವಾಮಿ?"

"ಸಣ್ಣದು ಸಾರ್."

"ಸಣ್ಣದು ಅಂದ್ರೆ ಎಷ್ಟು? ನೂರು ಸಿಸಿನಾ?"

"ಅದಕ್ಕಿಂತ ಸಣ್ಣದು."

"ಭಾರ ಎಷ್ಟಿದೆ?"

"ತೂಗಿಲ್ಲ ಸಾರ್."

ತೂಗುವುದನ್ನೇ ಉದ್ಯೋಗ ಮಾಡಿಕೊಂಡವನು ತನ್ನ ಮನೆಯದನ್ನು ತೂಗಿಲ್ಲವೆಂದರೆ ಅದರಲ್ಲಿ ಮರ್ಮವಿಲ್ಲದೆ ಇದ್ದೀತೇ? ಮೆಟ್ಟಿಲ ಮೇಲೆ ಆಗಲೇ ನೆರೆಹೊರೆ ಸೇರಿತ್ತು. ಒಬ್ಬರಿಗೆ ಪೆಟ್ರೋಲ್ ವಾಸನೆ ಬಂತು. ಎದುರುಮನೆಯವರು ಹಗಲೆಲ್ಲ ಟಕ್ ಟಕ್ ಕೇಳಿಸಿತೆಂದರು. ಕ್ಷೌರಿಕರು ತಮ್ಮ ಅಂಗಡಿಯ ಕನ್ನಡಿ ಅದುರಿತೆಂದು ಸಾಕ್ಷಿ ನುಡಿದರು. ಆ ಕನ್ನಡಿ ಅದುರಿದ್ದರಿಂದಲೇ ಒಬ್ಬ ಗಿರಾಕಿಯ ಕಿರುಮೀಸೆ ಅರ್ಧವಾಯಿತೆಂದು ಇಂದಿಗೂ ವಾದಿಸುತ್ತಾರೆ. ಇಷ್ಟು ಜನರ ಮುಂದೆ ಬಾಗಿಲು ಪೂರ್ತಿ ತೆರೆದು ಬಳೆಯಂಥ ಟಯರು ತೋರಿಸುವ ಧೈರ್ಯ ಮುರುಕಪ್ಪನವರಿಗೆ ಬರಲಿಲ್ಲ.

"ಭಾನುವಾರದೊಳಗೆ ಗಾಡಿ ಕೆಳಗೆ ಇಳೀಬೇಕು," ಎಂದರು ಮಾಲೀಕರು. "ಇಲ್ದಿದ್ರೆ ಗಾಡಿ ಅಲ್ಲೇ ಇರ್ಲಿ, ನೀವು ಇಳೀರಿ!"

ಅಲ್ಲಿಗೆ ಮಾಲೀಕರು ಸುಮ್ಮನಾಗಲಿಲ್ಲ. ಗಾಡಿಯ ತೂಕ ತಿಳಿಯದೆ ರಾತ್ರಿ ಅದರ ಕೆಳಗೆ ಮಲಗುವುದು ಹೇಗೆ? ತೂಕದ ಸಂಶಯಕ್ಕೆ ತೂಕದ ಕಚೇರಿ. ಮರುದಿನ ಬೆಳಗ್ಗೆ ನೇರ ಅಲ್ಲಿಗೇ ಹೋಗಿ, ಹೆಸರು ಹೇಳದೆ, ಬಾಯಿಮಾತಿನಲ್ಲಿ ದೂರು ಕೊಟ್ಟು ಬಂದರು. ಅಂದು ಮಧ್ಯಾಹ್ನ ಕಚೇರಿಯ ಸಾಹೇಬರು ಮುರುಕಪ್ಪನವರನ್ನು ಕರೆದರು.

"ನೋಡ್ರೀ, ಯಾರೋ ಒಬ್ಬ ತಲೆಕೆಟ್ಟೋನು ಎರಡನೇ ಮಹಡೀಲಿ ಮೋಟಾರ್ ಸೈಕಲ್ ಕಟ್ತಿದ್ದಾನಂತೆ. ಹೋಗಿ ತೂಕ ಹಾಕ್ಕೊಂಡು ಬನ್ನಿ."

"ಸಾರ್..."

"ಹೆದರ್ಬೇಡಿ. ಅಂಥವ್ರ ಹತ್ರ ಮೆತ್ತಗೆ ಮಾತಾಡ್ಬೇಕು."

"ಸಾರ್, ಆ ತಲೆಕೆಟ್ಟೋನು ನಾನೇ."

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಅದೇ ಮನುಷ್ಯ. ಈ ಅವಕಾಶ ತಪ್ಪಬಾರದೆಂದು ಮುರುಕಪ್ಪನವರು ಬಾಯಿ ತೆರೆದರು. "ಸಾರ್, ಅದು ತುಂಬಾ ಹಗುರ. ಎಷ್ಟು ಹಗುರ ಅಂದ್ರೆ..."

"ಸುಮ್ನಿರಿ!" ಸಾಹೇಬರು ಕೈ ಎತ್ತಿದರು. "ಹಗುರ, ಭಾರ ಅನ್ನೋದನ್ನ ಬಾಯಿ ಹೇಳೋದಲ್ಲ ರೀ, ತಕ್ಕಡಿ ಹೇಳ್ಬೇಕು. ಅಂಗಡಿಯೋನು ಬಾಯಲ್ಲಿ ಹೇಳಿದ್ರೆ ಮುದ್ರೆ ಒತ್ತಿ ಬರ್ತೀರಾ? ಇಷ್ಟು ವರ್ಷ ನಾನು ಕಲಿಸಿದ್ದು ಇದೇನಾ?"

"ಅಲ್ಲ ಸಾರ್..."

"ತೂಗೋ ತನಕ ತೂಕದ ಬಗ್ಗೆ ಒಂದು ಮಾತೂ ಆಡ್ಕೂಡ್ದು. ಭಾನುವಾರ ನಾನೇ ಬರ್ತೀನಿ, ತಕ್ಕಡಿ ಸಮೇತ."

ಆ ಕಚೇರಿಯಲ್ಲಿ ಅದು ಮುರಿಯಲಾಗದ ಕಟ್ಟಳೆ. ಬಂದದ್ದನ್ನೆಲ್ಲ ಮುರಿಯುತ್ತಿದ್ದ ಮುರುಕಪ್ಪನವರೂ ಅದನ್ನು ಮುರಿಯಲಿಲ್ಲ.

ಇನ್ನು ಉಳಿದದ್ದು ಮಾವ. ಷಡ್ಡಕನ ಬಾಯಿಂದ ಸುದ್ದಿ ತಲುಪಿ ಅವರೂ ಭಾನುವಾರವೇ ಹೊರಟುನಿಂತಿದ್ದರು. ಹೆಂಡತಿ ಫೋನು ತಂದು ಗಂಡನ ಕೈಯಲ್ಲಿಟ್ಟರು. "ಅಪ್ಪಂಗಾದ್ರೂ ಈಗ್ಲೇ ಹೇಳ್ಬಿಡಿ. ಮಾನ ಹೋದ್ರೆ ಹೋಗ್ಲಿ, ಮೊಣಕಾಲು ನೋವಲ್ಲಿ ಅಷ್ಟು ಮೆಟ್ಲು ಹತ್ತಿ ಬರೋದಾದ್ರೂ ತಪ್ಪುತ್ತೆ."

"ಮಾವ, ಗಾಡಿ ಸ್ವಲ್ಪ ಚಿಕ್ಕದು..."

"ಚಿಕ್ಕದಾದ್ರೇನಂತೆ ಅಳಿಯಂದ್ರೇ! ನಾನು ಕೈ ಪಳಗಿಸಿದ್ದೂ ಚಿಕ್ಕ ಗಾಡೀಲೇ."

"ತುಂಬಾನೇ ಚಿಕ್ಕದು ಮಾವ."

"ಕೇಳಿದ್ಯೇನೇ!" ಮಾವ ಆ ಕಡೆ ಅತ್ತೆಗೆ ಕೂಗುತ್ತಿದ್ದರು. "ಗಾಡಿ ಕಟ್ಟಿದ್ರೂ ಒಂಚೂರು ಜಂಬ ಇಲ್ಲ. ನಮ್ಮ ಅಳಿಯ ಅಂದ್ರೆ ಹೀಗಿರ್ಬೇಕು!"

ನಮ್ಮ ಅಳಿಯ ಎಂಬ ಮಾತು ಆ ಬಾಯಲ್ಲಿ ಹೊಸದು. ಮುರುಕಪ್ಪನವರು ಫೋನನ್ನು, ಮೊಟ್ಟೆಯೊಂದನ್ನು ಕೆಳಗಿಡುವಂತೆ, ಮೆಲ್ಲಗೆ ಮೇಜಿನ ಮೇಲಿಟ್ಟರು.

"ಹೇಳಿದ್ರಾ?"

"ಹೇಳ್ದೆ."

"ಅಪ್ಪ ಏನಂದ್ರು?"

"ಅವ್ರಿಗೆ ಕೇಳಿಸ್ಲಿಲ್ಲ. ನಾನು ಹೇಳಿದ್ದೂ ಸ್ವಲ್ಪ ಚಿಕ್ಕದಾಗೇ ಇತ್ತು."

ಶನಿವಾರ ಸಂಜೆ ಗಾಡಿ ಪೂರ್ತಿಯಾಯಿತು, ಒಂದನ್ನು ಬಿಟ್ಟು. ಪಕ್ಕಕ್ಕೆ ವಾಲಿಸಿ ನಿಲ್ಲಿಸುವ ಸ್ಟ್ಯಾಂಡು, ಹಲ್ಲುಕಡ್ಡಿಯ ತುಣುಕಿನಷ್ಟು ಗಾತ್ರದ್ದು, ಕಾಣೆಯಾಗಿತ್ತು. ದುಪ್ಪಟಿ ಕೊಡವಿದರು. ಕಪಾಟಿನ ಕೆಳಗೆ ಕೋಲಾಡಿಸಿದರು. ಹೆಂಡತಿ ಸಕ್ಕರೆ ಡಬ್ಬಿಯನ್ನೂ ಶೋಧಿಸಿದರು, ಯಾಕೆಂದು ಅವರಿಗೂ ಗೊತ್ತಿಲ್ಲ. ಸಿಗಲಿಲ್ಲ. ಸ್ಟ್ಯಾಂಡಿಲ್ಲದ ಗಾಡಿ ನಿಲ್ಲಿಸಿದಾಗಲೆಲ್ಲ ಹಟ ಹಿಡಿದ ಮಗುವಿನಂತೆ ಮಗ್ಗುಲಾಗಿ ಬೀಳುತ್ತಿತ್ತು.

ಭಾನುವಾರ ಬೆಳಗಾಯಿತು. ಮಾಲೀಕರ ಮನೆಯೊಳಗೆ ತಾರಸಿಗೆ ಆಸರೆಯಾಗಿ ಮರದ ಕಂಬಗಳು ಎದ್ದಿದ್ದವು. ಕುರ್ಚಿಯಿಂದ ಮಂಚಕ್ಕೆ ಹೋಗಬೇಕಾದರೆ ಅವರ ಮನೆಯವರು ತೋಪಿನಲ್ಲಿ ನಡೆದಂತೆ ನಡೆಯುತ್ತಿದ್ದರಂತೆ. ಮೆಟ್ಟಿಲಿಗೆ ಹಲಗೆ ಹಾಸಿತ್ತು. ತೋಳು ಮಡಿಚಿದ ಹಮಾಲಿಗಳು ಹಗ್ಗ ಹಿಡಿದು ನಿಂತಿದ್ದರು. ಸಾಹೇಬರು ಮಖಮಲ್ಲಿನ ಪೆಟ್ಟಿಗೆಯಲ್ಲಿ ಹಿತ್ತಾಳೆಯ ತಕ್ಕಡಿ ತಂದರು. ಕೊನೆಗೆ ಹೊಳೆಯುವ ಕಾರಿನಲ್ಲಿ ಷಡ್ಡಕ, ಪಕ್ಕದಲ್ಲಿ ತೊಡೆಯ ಮೇಲೆ ಹಸಿರು ಪೆಟ್ಟಿಗೆ ಇಟ್ಟುಕೊಂಡ ಮಾವ. ಮಾವ ಮೊಣಕಾಲು ಹಿಡಿದುಕೊಂಡು, ಮೆಟ್ಟಿಲಿಗೊಮ್ಮೆ ನಿಂತು, ಆದರೂ ಪೆಟ್ಟಿಗೆಯನ್ನು ಬೇರೆ ಯಾರಿಗೂ ಕೊಡದೆ ಹತ್ತಿದರು. ಷಡ್ಡಕ ಬೂಟು ಕಳಚಿ, ರೇಷ್ಮೆಯ ಕಾಲುಚೀಲದಲ್ಲಿ ಮೆಲ್ಲಗೆ ಒಳಗೆ ಬಂದ. ಹಿಂದೆಯೇ ಹಮಾಲಿಗಳು, ಕ್ಷೌರಿಕರು, ಇಸ್ತ್ರಿಪೆಟ್ಟಿಗೆಯ ಕೆಂಡ ಆರಿಸಿ ಬಂದ ಅಕ್ಕ.

"ಎಲ್ಲಿ ಗಾಡಿ?" ಎಂದರು ಮಾಲೀಕರು, ಗೋಡೆ ಹಿಡಿದುಕೊಂಡು.

ಮುರುಕಪ್ಪನವರು ಮೇಜಿನ ಮೇಲಿದ್ದ ಕರವಸ್ತ್ರವನ್ನು ಎತ್ತಿದರು.

ಕರವಸ್ತ್ರದಡಿ ಅಂಗೈಯಲ್ಲಿ ಮಲಗಿಸಬಹುದಾದ ಕೆಂಪು ಮೋಟಾರ್ ಸೈಕಲ್ಲು ಮಗ್ಗುಲಾಗಿ ಮಲಗಿತ್ತು. ಹಮಾಲಿಗಳಲ್ಲಿ ಹಿರಿಯ ಹಗ್ಗವನ್ನೂ ಗಾಡಿಯನ್ನೂ ನೋಡಿ, "ಸಾರ್, ದಾರ ಇದ್ರೆ ಕೊಡಿ" ಎಂದ.

"ಪಾಪ, ಇನ್ನೂ ಬೆಳೀಬೇಕೇನೋ," ಎಂದಳು ಅಕ್ಕ.

ಮಾಲೀಕರ ಮುಖ ಗಾಡಿಯ ಬಣ್ಣಕ್ಕೆ ತಿರುಗಿತು. "ಇದಕ್ಕೆ ನಾನು ಮನೆ ತುಂಬಾ ಕಂಬ ನಿಲ್ಲಿಸಿದ್ನಾ? ಆಗ್ಲಿ! ಚಿಕ್ಕದಾದ್ರೂ ಗಾಡಿ ಗಾಡೀನೇ, ಭಾರ ಭಾರಾನೇ. ಹನಿ ಹನಿ ಸೇರಿದ್ರೆ ಹಳ್ಳ. ನನ್ನ ಕಟ್ಟಡದ ಮೇಲೆ ಬೀಳೋ ಹೆಚ್ಚಿನ ಭಾರ ಯಾವುದಾದ್ರೂ ಸರಿ, ಇಳೀಲೇಬೇಕು!"

"ಭಾರಾನಾ ಹಗುರಾನಾ ಅಂತ ನೀವು ಹೇಳೋದಲ್ಲ," ಎಂದರು ಸಾಹೇಬರು. ಅವರೊಬ್ಬರೇ ಅಚ್ಚರಿಗೊಳ್ಳಲಿಲ್ಲ, ತೂಗುವ ಮುನ್ನ ಅಚ್ಚರಿಗೊಳ್ಳುವ ಪದ್ಧತಿ ಅವರ ಕಚೇರಿಯಲ್ಲಿಲ್ಲ. ಮೇಜಿನ ಮೇಲೆ ತಕ್ಕಡಿ ನಿಲ್ಲಿಸಿ, ಮುಳ್ಳು ನೆಟ್ಟಗಾಗುವ ತನಕ ಕಾದು, ಗಾಡಿಯನ್ನು ಒಂದು ತಟ್ಟೆಯಲ್ಲಿಟ್ಟರು. ಮಖಮಲ್ಲಿನ ಪೆಟ್ಟಿಗೆ ತೆರೆದರೆ ಮೋಟಾರ್ ಸೈಕಲ್ಲೆಂದು ತಂದಿದ್ದ ದೊಡ್ಡ ತೂಕದ ಬಟ್ಟುಗಳೇ. "ಸಣ್ಣ ಬಟ್ಟು ತಂದಿಲ್ಲ. ದೂರು ಕೊಟ್ಟೋರೇ ಏನಾದ್ರೂ ಕೊಡಿ, ಹೋಲಿಸಿ ನೋಡೋಣ."

ಮಾಲೀಕರ ಬಳಿ ಇದ್ದದ್ದು ಸೊಂಟದ ಗೊಂಚಲು. ಸಾಹೇಬರು ಅದನ್ನೇ ಇನ್ನೊಂದು ತಟ್ಟೆಗೆ 'ಇಳಿಸಿದರು'. ಆ ತಟ್ಟೆ ದಡಕ್ಕನೆ ಮೇಜಿಗೆ ಬಡಿಯಿತು. ಮೋಟಾರ್ ಸೈಕಲ್ಲು ಅಂತರಿಕ್ಷಕ್ಕೇರಿತು.

"ತೂಕ ಆಯ್ತು," ಎಂದು ಸಾಹೇಬರು ಘೋಷಿಸಿದರು. "ಗಾಡಿಗಿಂತ ಬೀಗದ ಕೈ ಭಾರ. ಈ ಕಟ್ಟಡದಲ್ಲಿ ಹೆಚ್ಚಿನ ಭಾರ ಯಾವುದಾದ್ರೂ ಓಡಾಡ್ತಿದ್ರೆ ಅದು ನಿಮ್ಮ ಸೊಂಟ. ಇಳಿಸೋದಾದ್ರೆ ಅದನ್ನ ಇಳಿಸ್ಬೇಕು."

ಹಮಾಲಿಗಳು ಹಗ್ಗ ಹಿಡಿದು ಮಾಲೀಕರ ಕಡೆ ಆಸೆಯಿಂದ ನೋಡಿದರು. ಮಾಲೀಕರು ಗೊಂಚಲನ್ನು ಎತ್ತಿ, ಸದ್ದಾಗದಂತೆ ಎರಡೂ ಕೈಯಲ್ಲಿ ಮುಚ್ಚಿ ಹಿಡಿದುಕೊಂಡು, "ಇರ್ಲಿ ಬಿಡಿ, ಇರ್ಲಿ ಬಿಡಿ" ಎನ್ನುತ್ತ ಬಾಗಿಲ ಬಳಿ ಸರಿದರು. ಮನೆ ಉಳಿಯಿತು.

ಆದರೆ ಮುರುಕಪ್ಪನವರು ಸಾಹೇಬರನ್ನೂ ಮಾಲೀಕರನ್ನೂ ನೋಡುತ್ತಿರಲಿಲ್ಲ. ಅವರು ನೋಡುತ್ತಿದ್ದುದು ಮಾವನನ್ನು.

ಷಡ್ಡಕ ಅದುಮಿಟ್ಟಿದ್ದ ನಗುವನ್ನೆಲ್ಲ ಒಟ್ಟಿಗೆ ಬಿಟ್ಟ. "ಹೆಬ್ಬೆರಳಲ್ಲಿ ಒತ್ತಿದೆ ಅಂದ್ಯಲ್ಲಪ್ಪಾ! ಮಾವ, ಇದ್ರ ಮೇಲೆ ಕೂತ್ಕೊಂಡು ನೀವು ಒಂದು ಸುತ್ತು ಹೋಗ್ಬನ್ನಿ. ನಾನು ಅಷ್ಟರಲ್ಲಿ ಪೆಟ್ಟಿಗೆ ಕಾರಲ್ಲಿ ಇಡ್ತೀನಿ."

ಮಾವ ಕನ್ನಡಕ ಏರಿಸಿದರು. ಗಾಡಿಯನ್ನು ಎತ್ತಿ, ಗ್ಯಾರೇಜಿಗೆ ಬಂದ ಗಾಡಿಯನ್ನು ನೋಡುತ್ತಿದ್ದ ಹಾಗೆಯೇ ಹಿಂದಿನಿಂದ ಮುಂದಕ್ಕೆ ನೋಡಿದರು. ಚಕ್ರ ತಿರುಗಿಸಿದರು, ತಿರುಗಿತು. ಹ್ಯಾಂಡಲ್ಲು ಹೊರಳಿಸಿದರು, ಹೊರಳಿತು. ಮುಂದಿನ ಚಕ್ರದ ಮೇಲೆ ಬೆರಳಿಟ್ಟು ಒತ್ತಿದರು. ಏನೂ ಕಳಚಿ ಬೀಳಲಿಲ್ಲ.

"ಇದನ್ನ ಕಟ್ಟೋವಾಗ ಏನೇನು ಮುರೀತು?"

"ಏನೂ ಇಲ್ಲ ಮಾವ."

"ಒಂದೂ?"

"ಒಂದೂ ಇಲ್ಲ ಅಪ್ಪ, ನಾನೇ ಇದ್ನಲ್ಲ," ಎಂದರು ಹೆಂಡತಿ.

ಮಾವ ಗಾಡಿಯನ್ನು ಮೇಜಿನ ಮೇಲೆ ನಿಲ್ಲಿಸಿದರು. ಅದು ಮಗ್ಗುಲಾಗಿ ಬಿತ್ತು.

"ಸ್ಟ್ಯಾಂಡ್ ಎಲ್ಲಿ?"

"ಕಳೆದ್ಹೋಯ್ತು ಮಾವ."

ಮಾವ ಕನ್ನಡಕ ಕೆಳಗಿಳಿಸಿದರು. ಮಾತಿಗೆ ತಪ್ಪುವವರಲ್ಲ, ಮಾತನ್ನು ಸಡಿಲ ಮಾಡುವವರೂ ಅಲ್ಲ. "ಚಿಕ್ಕದು ದೊಡ್ಡದು ಅಂತ ನಾನೂ ಹೇಳಿರ್ಲಿಲ್ಲ, ಆ ತಪ್ಪು ನಂದೂ ಹೌದು. ಆದ್ರೆ ಪೂರ್ತಿ ಅಂದಿದ್ದೆ. ಸ್ಟ್ಯಾಂಡ್ ಇಲ್ದಿರೋ ಗಾಡಿ ಪೂರ್ತಿ ಗಾಡಿ ಅಲ್ಲ ಅಳಿಯಂದ್ರೇ."

"ಮುಗೀತಲ್ಲ!" ಎಂದು ಷಡ್ಡಕ ಪೆಟ್ಟಿಗೆಯತ್ತ ಒಂದು ಹೆಜ್ಜೆ ಇಟ್ಟ. ಇನ್ನೂ ನೆಲದ ಮೇಲೇ ಇದ್ದ ದುಪ್ಪಟಿಯ ಅಂಚಿನ ಮಡಿಕೆಯ ಮೇಲೆ ಬಿತ್ತು ಆ ಹೆಜ್ಜೆ.

"ಅಯ್ಯಯ್ಯಯ್ಯೋ!"

ಒಂಟಿಗಾಲಿನಲ್ಲಿ ಕುಪ್ಪಳಿಸುತ್ತ ಷಡ್ಡಕ ಕುರ್ಚಿಯನ್ನು ಹಿಡಿಯಹೋದ, ಕುರ್ಚಿ ಉರುಳಿತು. ಕಿಟಕಿಯ ಪರದೆಯನ್ನು ಹಿಡಿದ. ಪರದೆ, ಕಂಬಿ, ಕಂಬಿ ಹಿಡಿದಿದ್ದ ಎರಡು ಮೊಳೆ, ಮೊಳೆ ಹಿಡಿದಿದ್ದ ಗೋಡೆಯ ಗಾರೆ, ಎಲ್ಲವೂ ಅವನ ಸಂಗಡ ನೆಲಕ್ಕೆ ಬಂದವು. ಅವನ ಹಿಮ್ಮಡಿಯಲ್ಲಿ, ರೇಷ್ಮೆಯ ಕಾಲುಚೀಲದ ನಡುವೆ, ಕರಿಯದೊಂದು ಚುಕ್ಕೆ ನೆಟ್ಟಿತ್ತು.

ಮಾವ ಮೊಣಕಾಲು ನೋವನ್ನು ಮರೆತು ಬಗ್ಗಿದರು. ಹಸಿರು ಪೆಟ್ಟಿಗೆ ತೆರೆದು, ತಳದಿಂದ ಸಣ್ಣ ಚಿಮಟ ತೆಗೆದು, ಅಳಿಯನ ಹಿಮ್ಮಡಿಯಿಂದ ಅದನ್ನು ಕಿತ್ತು ಬೆಳಕಿಗೆ ಹಿಡಿದರು. ಸ್ಟ್ಯಾಂಡು. ಅದನ್ನು ಮುರುಕಪ್ಪನವರ ಅಂಗೈಯಲ್ಲಿಟ್ಟರು. "ಹೂಂ. ಕೂರಿಸಿ."

ಕೋಣೆಯಲ್ಲಿದ್ದವರೆಲ್ಲ ಅಭ್ಯಾಸಬಲದಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಹೆಂಡತಿ ಕಣ್ಣು ಮುಚ್ಚಿಕೊಂಡರು. ಮುರುಕಪ್ಪನವರು ಗಾಡಿಯನ್ನು ಎಡಗೈಯಲ್ಲಿ ಹಿಡಿದು, ಸ್ಟ್ಯಾಂಡನ್ನು ಅದರ ತೂತಿಗೆ ಹಿಡಿದು, ಹೆಬ್ಬೆರಳು ಇಟ್ಟು ಒತ್ತಿದರು.

ಟಕ್!

"ಏನ್ ಮುರೀತು?" ಎಂದು ಕೋಣೆ ಒಕ್ಕೊರಲಿನಿಂದ ಕೇಳಿತು.

"ಏನೂ ಇಲ್ಲ," ಎಂದರು ಮಾವ. "ಕೂತ್ಕೊಳ್ತು."

ಮೇಜಿನ ಮೇಲೆ ಕೆಂಪು ಮೋಟಾರ್ ಸೈಕಲ್ಲು ಸ್ವಲ್ಪ ವಾಲಿ, ಯಾರದೋ ದಾರಿ ಕಾಯುವಂತೆ ನಿಂತಿತ್ತು.

ಮುಂದಿನದರಲ್ಲಿ ಪಾಠಗಳು ಬೇರೆಬೇರೆ. ಕ್ಷೌರಿಕರ ಪ್ರಕಾರ ಇಡೀ ಪೆಟ್ಟಿಗೆ ಅಲ್ಲಿಯೇ ಕೈಬದಲಾಯಿತು. ಇಸ್ತ್ರಿ ಅಕ್ಕನ ಪ್ರಕಾರ ಗಾಡಿ ತಾನೇ ಹೊರಟು ಮೇಜನ್ನು ಒಂದು ಸುತ್ತು ಹಾಕಿತು. ಎರಡು ಬೀದಿ ಆಚೆ ನಾನು ಕೇಳಿದ ಪಾಠದಲ್ಲಿ ಅದು ನಿಜವಾದ ಗಾಡಿಯೇ. ಹಲಗೆಯ ಮೇಲೆ ಇಳಿದು ಮಾಲೀಕರನ್ನು ಹಿಂದೆ ಕೂರಿಸಿಕೊಂಡು ಹೋಯಿತು. ಹೆಂಡತಿಯ ಪಾಠವೇ ನಂಬಲರ್ಹವೆಂದು ನನ್ನ ಅಭಿಪ್ರಾಯ, ಯಾಕೆಂದರೆ ಆ ಚಿಮಟವನ್ನು ಆಕೆ ತಂದು ತೋರಿಸಿದರು. ಆಟಿಕೆ ಡಬ್ಬಿಯ ಇರುವೆ ಸಾಲನ್ನು ಆಗಷ್ಟೇ ಓದಿದ ಮಾವ ಅದನ್ನೂ, ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಪುಟ್ಟದಾದ ಪಾನಾವನ್ನೂ ತೆಗೆದು ಚಿಕ್ಕಳಿಯನಿಗೆ ಕೊಟ್ಟರಂತೆ. "ಹನ್ನೆರಡರಲ್ಲಿ ಒಂದು ಗಾಡಿಗೆ ಹನ್ನೆರಡರಲ್ಲಿ ಒಂದು ಪೆಟ್ಟಿಗೆ. ಉಳಿದದ್ದು ಗಾಡಿ ಬೆಳೆದ ಹಾಗೆ ಬರುತ್ತೆ" ಎಂದರಂತೆ. ಆಮೇಲೆ ಪೆಟ್ಟಿಗೆ ಮುಚ್ಚಿ, ಬಿದ್ದಿದ್ದ ಪರದೆಯನ್ನೂ ಕಂಬಿಯನ್ನೂ ಗೋಡೆಯ ತೂತುಗಳನ್ನೂ ನಿಧಾನವಾಗಿ ನೋಡಿ, ಹೊರಡಲೆಂದು ಎದ್ದು ಹೇಳಿದರು:

"ಮುರುಕಪ್ಪಾ, ನಡಿ, ಹೊತ್ತಾಯ್ತು. ಕಾರು ಬಾಗಿಲಿಗೆ ತಗೊಂಬಾ."

"ಬಂದೆ ಮಾವ," ಎಂದು ನಮ್ಮ ಕಥಾನಾಯಕರು ಎದ್ದೇಬಿಟ್ಟರು.

ಹೆಂಡತಿ ಅಂಗಿ ಹಿಡಿದು ಕೂರಿಸಿದರು. "ಕೂತ್ಕೊಳ್ರೀ. ಕರೆದಿದ್ದು ನಿಮ್ಮನ್ನಲ್ಲ."